ಹೊಲದ ಬದುವಿಗೆ ಸರ್ಕಾರದ ಪಾಲು

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಪ್ರಯಾಣಿಕರು ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯನ್ನು ಮುಟ್ಟುವವರೆಗೆ ಸಾಮಾನ್ಯವಾಗಿ ತೂಕಡಿಸುವರು. ಬಂಡೀಪುರದ ಕಾಡು ಬಂದೊಡನೆ ಎದ್ದು ಕುಳಿತು, ಆನೆ ಕಂಡೀತೇ, ಜಿಂಕೆ ಕಂಡೀತೇ ಎಂದು ಎರಡು ಪಕ್ಕಕ್ಕೂ ಕಣ್ಣು ಹಾಯಿಸುವರು. ನಾವೂ ಎಷ್ಟೋ ಸಲ ಹಾಗೆಯೇ ಹೋಗಿದ್ದೇವೆ. ಆದರೆ ಈ ಹೊತ್ತು ಕೇಳುಗರನ್ನು ಕಾಡಿನೊಳಕ್ಕೆ ಕರೆದೊಯ್ಯುವುದು ನಮ್ಮ ಉದ್ದೇಶವಲ್ಲ. ಕಾಡಿಗೆ ಮುಂಚೆ ಸಿಕ್ಕುವ ಕೆಂಪು ಹೊಲಗಳ ನಡುವೆ ಇಳಿಸಿ, ಅಲ್ಲಿಯ ಒಂದು ಚಿಕ್ಕ ವಸ್ತುವನ್ನು ತೋರಿಸಬೇಕೆಂದಿದ್ದೇವೆ. ಅದು ಹೊಲದ ಬದು.

ಬದುವೆಂಬುದು ನೋಡುವುದಕ್ಕೆ ಏನೂ ಅಲ್ಲ. ಮೊಳಕಾಲೆತ್ತರದ ಮಣ್ಣಿನ ದಿಂಡು. ಅದರ ಮೇಲೆ ನಾಲ್ಕು ಎಸಳು ಹುಲ್ಲು, ಎಲ್ಲೋ ಒಂದು ಹೊಂಗೆಯ ಗಿಡ. ಆದರೆ ಈ ದಿಂಡಿನ ಖರ್ಚನ್ನು ಯಾರು ಕೊಡತಕ್ಕದ್ದು, ಹೊಲದ ಒಡೆಯನೋ, ಸರ್ಕಾರವೋ, ಇಬ್ಬರೂ ಕೂಡಿಯೋ, ಕೂಡಿದರೆ ಯಾರ ಪಾಲು ಎಷ್ಟು ಎಂಬ ಪ್ರಶ್ನೆಯು ನೂರು ವರ್ಷಗಳಿಗೂ ಮೇಲ್ಪಟ್ಟು ನಮ್ಮ ದೇಶದ ಆಡಳಿತಗಾರರನ್ನು ಕಾಡಿದೆ. ಪಟ್ಟಣದಲ್ಲಿ ವಾಸಿಸುವ ನಮಗೆ ಇದು ದೂರದ ಮಾತೆಂದು ತೋರಬಹುದು. ತೆರಿಗೆಯನ್ನು ಕೊಡುವವರು ನಾವೂ ಆದುದರಿಂದ, ನಮ್ಮ ಹಣವು ಮಣ್ಣನ್ನು ಉಳಿಸುವುದೋ, ಮಣ್ಣಿನೊಡನೆ ತಾನೂ ಕೊಚ್ಚಿಹೋಗುವುದೋ ಎಂಬುದನ್ನು ತಿಳಿಯುವ ಹಕ್ಕು ನಮಗುಂಟು, ಹೊಣೆಯೂ ಉಂಟು.

ಮೊದಲು ಆ ಸೀಮೆಯ ಸ್ಥಿತಿಯನ್ನು ನೋಡೋಣ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಗೆ ಸೇರಿದ ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆಮರೆಯಲ್ಲಿವೆ. ಮುಂಗಾರು ತನ್ನ ಭಾರವನ್ನೆಲ್ಲ ವಯನಾಡಿನಲ್ಲಿ ಇಳಿಸಿ, ಹಗುರವಾಗಿ ಇತ್ತ ದಾಟಿ ಬರುವುದು. ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರು. ಅದೂ ಎರಡು ಕಂತಾಗಿ ಬರುವುದು: ಮೇ ತಿಂಗಳ ಸುಮಾರಿಗೆ ಒಂದು, ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಮತ್ತೊಂದು. ಜೋಳ, ರಾಗಿ, ಹುರುಳಿ, ನೆಲಗಡಲೆ, ಹತ್ತಿ, ಸೂರ್ಯಕಾಂತಿ, ಕೊಳವೆ ಬಾವಿಯಿದ್ದಲ್ಲಿ ಅರಿಸಿನ ಮತ್ತು ಚೆಂಡುಹೂ, ಎಲ್ಲವೂ ಈ ಎರಡು ಕಂತುಗಳನ್ನೇ ನೆಚ್ಚಿಕೊಂಡಿವೆ.

ಮಳೆಯು ಕಡಮೆಯಾದ ಸೀಮೆಯಲ್ಲಿ ಮಣ್ಣು ಕೊಚ್ಚುವುದೂ ಕಡಮೆಯಾಗಿರಬೇಕೆಂದು ಊಹಿಸುವುದು ಸಹಜ. ಸಂಗತಿ ಹಾಗಿಲ್ಲ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಸುಮಾರು ಒಂದು ಲಕ್ಷ ಲೀಟರು. ಬೇಸಗೆಯಲ್ಲಿ ಉತ್ತು ಬಿಟ್ಟ, ಒಂದು ಹಸುರೆಲೆಯ ಮರೆಯೂ ಇಲ್ಲದ ಕೆಂಪು ಮಣ್ಣಿನ ಮೇಲೆ ಈ ಒಂದು ಲಕ್ಷ ಲೀಟರು ಅರ್ಧ ಗಂಟೆಯಲ್ಲಿ ಸುರಿದುಬಿಟ್ಟರೆ, ಭೂಮಿ ಅದನ್ನು ಕುಡಿಯಲಾರದು. ಹರಿದ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಹೊಲದ ಮೇಲ್ಮಣ್ಣನ್ನು, ಅಂದರೆ ಗೊಬ್ಬರದ ಸಾರವೆಲ್ಲ ಇರುವ ಪದರವನ್ನು, ಹೊತ್ತುಕೊಂಡು ಹೋಗುವುದು. 1983ರಲ್ಲಿ ಡೆಹ್ರಾಡೂನಿನ ಮಣ್ಣು ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಇಡೀ ಭಾರತಕ್ಕೆ ಒಂದು ಅಂದಾಜನ್ನು ಕಟ್ಟಿದರು. ಅದರ ಪ್ರಕಾರ ಪ್ರತಿ ವರ್ಷವೂ ಹೆಕ್ಟೇರಿಗೆ ಸರಾಸರಿ 16.4 ಟನ್ನು ಮಣ್ಣು ಕದಲುವುದು. ಎಕರೆಗೆ ಆರೂವರೆ ಟನ್ನಿನಷ್ಟಾಯಿತು. ಹೊಲದ ಮೇಲೆ ಅದನ್ನು ಹರಡಿ ನೋಡಿದರೆ ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಈ ವ್ಯವಹಾರದ ಮುಖ್ಯವಾದ ತೊಡಕು ಇಲ್ಲಿಯೇ ಇದೆ. ಒಂದು ಮಿಲಿಮೀಟರು ಹೋದುದು ಯಾವ ರೈತನ ಕಣ್ಣಿಗೂ ಕಾಣದು. ಕಳ್ಳನು ಪ್ರತಿ ರಾತ್ರಿಯೂ ಕಣಜದಿಂದ ಒಂದೊಂದು ಹಿಡಿ ಕಾಳನ್ನು ಒಯ್ದಂತೆ. ಯಜಮಾನನಿಗೆ ತಿಳಿಯುವುದು ಕಣಜದ ತಳ ಕಂಡಾಗ.

ಹಾಗೆ ಹೋದ ಮಣ್ಣು ಎಲ್ಲಿ ಸೇರಿತು? ಮೇಲಿನ ಅಂದಾಜಿನಂತೆ ಕದಲಿದ ಮಣ್ಣಿನಲ್ಲಿ ಹತ್ತರಲ್ಲಿ ಒಂದು ಪಾಲು ಜಲಾಶಯಗಳ ತಳವನ್ನು ಸೇರುವುದು; ಹತ್ತರಲ್ಲಿ ಹೆಚ್ಚು ಕಡಮೆ ಮೂರು ಪಾಲು ಸಮುದ್ರದ ಪಾಲು; ಮಿಕ್ಕುದು ಒಂದೆಡೆಯಿಂದ ಎದ್ದು ಇನ್ನೊಂದೆಡೆಯಲ್ಲಿ ಕೂರುವುದು. ಗುಂಡ್ಲುಪೇಟೆಯ ಮಣ್ಣಿನ ಯಾತ್ರೆಯನ್ನು ನಾವು ಹೆಸರು ಹಿಡಿದೇ ಹೇಳಬಹುದು. ಹೊಲದಿಂದ ಹಳ್ಳಕ್ಕೆ, ಹಳ್ಳದಿಂದ ಊರ ಕೆರೆಗೆ. ಕೆರೆ ತುಂಬಿ ಕೋಡಿ ಬಿದ್ದರೆ ಗುಂಡ್ಲುಹೊಳೆಗೆ. ಆ ಹೊಳೆ ನಂಜನಗೂಡಿನ ಬಳಿ ಕಪಿಲೆಯನ್ನು ಸೇರುವುದು. ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವುದು. ಅಲ್ಲಿಂದ ಕೆಳಗೆ, ಶಿವನಸಮುದ್ರದ ಹತ್ತಿರ, ಬೆಂಗಳೂರಿನ ಮನೆಮನೆಗಳಿಗೆ ಕುಡಿಯುವ ನೀರನ್ನು ನದಿಯಿಂದ ತೆಗೆಯುತ್ತಾರೆ. ಬಂಡೀಪುರದ ಅಂಚಿನ ಒಂದು ಹೊಲದಲ್ಲಿ ಬದು ನಿಂತರೆ, ಆ ನಿಲುವಿನ ಪ್ರಯೋಜನದಲ್ಲಿ ಒಂದು ಕಿಂಚಿತ್ ಭಾಗವು ಅದನ್ನು ಕಂಡರಿಯದ ಪಟ್ಟಣಿಗನ ಲೋಟದವರೆಗೂ ಬರುವುದೆಂದಾಯಿತು.

ಹೀಗೆ ಒಂದು ಬದುವಿನಿಂದ ಮೂವರಿಗೆ ಲಾಭ. ಮೊದಲನೆಯವನು ಹೊಲದ ಒಡೆಯ. ಅವನಿಗೆ ಹದ ಉಳಿದು, ಬೆಳೆ ಸ್ವಲ್ಪ ಹೆಚ್ಚುವುದು. ಎರಡನೆಯವರು ಕೆಳಗಿನವರು: ತಗ್ಗಿನ ಹೊಲದವನು, ಕೆರೆಯ ಅಚ್ಚುಕಟ್ಟಿನವನು, ನದಿಯ ನೀರನ್ನು ಕುಡಿಯುವವನು. ಮೂರನೆಯವರು ಇನ್ನೂ ಹುಟ್ಟದವರು. ಖರ್ಚು ಮಾತ್ರ ಒಬ್ಬನದೇ. ಲಾಭ ಮೂವರಿಗೆ ಹಂಚಿ, ಖರ್ಚು ಒಬ್ಬನ ತಲೆಗೆ ಬಿದ್ದಲ್ಲಿ ಆ ಕೆಲಸವು ಆಗಬೇಕಾದುದಕ್ಕಿಂತ ಕಡಮೆಯಾಗುವುದೆಂಬುದು ಅರ್ಥಶಾಸ್ತ್ರದ ಸಾಮಾನ್ಯ ನಿಯಮ. ರೈತನ ಸೋಮಾರಿತನವನ್ನಾಗಲಿ ಅಜ್ಞಾನವನ್ನಾಗಲಿ ಇಲ್ಲಿ ದೂರಬೇಕಾಗಿಲ್ಲ.

ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ಅಂಕಿಗಳು ಕೇವಲ ಉದಾಹರಣೆಗಾಗಿ ನಾವೇ ಇಟ್ಟುಕೊಂಡವು. ಒಂದು ಹೊಲಕ್ಕೆ ಬದು ಹಾಕಿಸಲು 8,000 ರೂಪಾಯಿ ಬೇಕೆನ್ನೋಣ. ಬದುವಿನಿಂದ ಒಡೆಯನಿಗೆ ವರ್ಷಕ್ಕೆ 1,000 ರೂಪಾಯಿಯ ಬೆಳೆ ಹೆಚ್ಚಿತೆನ್ನೋಣ. ಕೈಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಾದರೆ, 8,000ಕ್ಕೆ ವರ್ಷದ ಬಡ್ಡಿಯೇ 1,920 ರೂಪಾಯಿ. ಸಾವಿರದ ಲಾಭಕ್ಕೆ ಸುಮಾರು ಎರಡು ಸಾವಿರದ ಬಡ್ಡಿ! ಈ ಬದುವನ್ನು ಹಾಕದಿರುವ ರೈತನು ಲೆಕ್ಕ ಬಲ್ಲವನು. ಅದೇ ಬದುವಿಗೆ ಸರ್ಕಾರವು ವರ್ಷಕ್ಕೆ ನೂರಕ್ಕೆ ಏಳರ ಬಡ್ಡಿಯಲ್ಲಿ ಹಣ ತಂದರೆ, ವರ್ಷದ ಬಡ್ಡಿ 560 ರೂಪಾಯಿ, 440 ಉಳಿಯುವುದು. ಒಂದೇ ಮಣ್ಣು, ಒಂದೇ ಬದು. ಒಬ್ಬನಿಗೆ ನಷ್ಟ, ಇನ್ನೊಬ್ಬರಿಗೆ ಲಾಭ. ವ್ಯತ್ಯಾಸವಿರುವುದು ಬಡ್ಡಿಯಲ್ಲಿ.

ಇಷ್ಟರಿಂದಲೇ ಸರ್ಕಾರವು ಬದುವನ್ನು ದಾನವಾಗಿ ಕಟ್ಟಿಸಿಕೊಡಬೇಕೆಂದು ತೀರ್ಮಾನಿಸಿದರೆ ಆತುರವಾದೀತು. ತೊಡಕು ಬರಿಯ ಬಡ್ಡಿಯದಾದರೆ ಅದಕ್ಕೆ ಮದ್ದು ಅಗ್ಗದ ಸಾಲ. ಒಡೆಯನ ಸ್ವಂತ ಲಾಭಕ್ಕೆ ಆಗುವಷ್ಟು ಖರ್ಚನ್ನು ಅವನು ಸಾಲವಾಗಿ ಪಡೆದು ತೀರಿಸಬಹುದು. ದಾನಕ್ಕೆ, ಅಂದರೆ ಇಂದಿನ ಮಾತಿನಲ್ಲಿ ಸಹಾಯಧನಕ್ಕೆ, ನ್ಯಾಯವಾದ ಆಧಾರವು ಬೇರೆ. ಈ ಬದುವು ವರ್ಷಕ್ಕೆ 300 ರೂಪಾಯಿಯ ಹೂಳನ್ನು ಊರ ಕೆರೆಗೆ ಹೋಗದಂತೆ ತಡೆಯುವುದೆನ್ನೋಣ. ನೂರಕ್ಕೆ ಏಳರಂತೆ 300 ರೂಪಾಯಿಯು ಸುಮಾರು 4,300 ರೂಪಾಯಿ ಅಸಲಿನ ಬಡ್ಡಿ. ಆದಕಾರಣ ಸರ್ಕಾರವು 8,000ದಲ್ಲಿ ಅರ್ಧದಷ್ಟನ್ನು ಕೊಟ್ಟರೆ ಅದು ಕೃಪೆಯಲ್ಲ. ಊರಿನ ಪರವಾಗಿ ಮಾಡಿದ ಖರೀದಿ. ಉಳಿದ ಅರ್ಧಕ್ಕೆ ಕೈಸಾಲದ ಬಡ್ಡಿ 960 ರೂಪಾಯಿ; ಆಗಲೂ ಒಡೆಯನ ಕೈಯಲ್ಲಿ ಉಳಿಯುವುದು ಬರಿಯ ನಲವತ್ತು. ಆದುದರಿಂದ ಪಾಲಿನ ಜೊತೆಗೆ ಸುಲಭದ ಸಾಲವೂ ಇರತಕ್ಕದ್ದು. ಒಡೆಯನ ಲಾಭಕ್ಕೆ ಸಾಲ, ಊರಿನ ಲಾಭಕ್ಕೆ ಪಾಲು: ಈ ಭೇದವನ್ನು ಮರೆತ ಯೋಜನೆಯು ಒಂದು ಕಡೆ ಜಿಪುಣತನವನ್ನೂ ಇನ್ನೊಂದು ಕಡೆ ದುಂದನ್ನೂ ಏಕಕಾಲದಲ್ಲಿ ಮಾಡುವುದು.

ನಮ್ಮ ಹಿರಿಯರು ಈ ಭೇದವನ್ನು ತಕ್ಕಮಟ್ಟಿಗೆ ಬಲ್ಲವರಾಗಿದ್ದರೆಂದು ನಮ್ಮ ಶಾಸನಗಳಿಂದ ಕಾಣುವುದು. ಕೆರೆಯನ್ನು ಕಟ್ಟಿಸಿದವನಿಗೆ ದಶವಂದವೆಂದೂ, ಕಟ್ಟುಕೊಡಗೆಯೆಂದೂ ಭೂಮಿಯನ್ನು ಬಿಡುತ್ತಿದ್ದರು. ಕೆರೆಯ ಕಾಪಾಟಕ್ಕಾಗಿ ಬಿತ್ತುವಟ್ಟವನ್ನು ಇಡುತ್ತಿದ್ದರು. ಇವುಗಳ ಗುಣವೇನೆಂದರೆ, ಕೆರೆಯಲ್ಲಿ ನೀರು ನಿಂತರೆ ಮಾತ್ರ ಆ ಭೂಮಿಗೆ ಬೆಲೆ. ಕಟ್ಟೆ ಒಡೆದರೆ ಕೊಡುಗೆಯೂ ಒಣಗಿತು. ಕಟ್ಟಿದವನ ಪ್ರತಿಫಲವನ್ನು ಕಟ್ಟೆಯ ಬಾಳಿಕೆಗೆ ಕಟ್ಟಿಹಾಕಿದ ಏರ್ಪಾಡು ಅದು. ಮೈಸೂರು ಸಂಸ್ಥಾನದ ಕಾಲದಲ್ಲಿ ಕೆರೆಗಳ ದುರಸ್ತಿಯಲ್ಲಿ ಮಣ್ಣಿನ ಕೆಲಸವು ರೈತರದು, ಕಲ್ಲು ಗಾರೆಯ ಕೆಲಸವು ಸರ್ಕಾರದ್ದು ಎಂಬ ಹಂಚಿಕೆ ರೂಢಿಯಲ್ಲಿತ್ತು. ಕೈಯಿಂದ ಆಗುವುದನ್ನು ಕೈಯುಳ್ಳವನು, ಹಣದಿಂದ ಆಗುವುದನ್ನು ಹಣವುಳ್ಳವನು ಮಾಡುವುದು ಒಪ್ಪತಕ್ಕ ನೀತಿಯೇ ಸರಿ.

ಆದರೆ ಕೆರೆಯು ಊರಿನದು, ಹೊಲವು ಒಬ್ಬನದು. ಒಬ್ಬನ ಹೊಲಕ್ಕೆ ಸರ್ಕಾರವು ಹೇಗೆ ಕೈಹಾಕಬೇಕು? ಬ್ರಿಟಿಷ್ ಇಂಡಿಯದಲ್ಲಿ 1883ರ ಭೂಸುಧಾರಣಾ ಸಾಲಗಳ ಕಾಯಿದೆಯು ಸಾಲದ ದಾರಿಯನ್ನು ಹಿಡಿಯಿತು; ತಕಾವಿಯೆಂದು ಹೆಸರಾದುದು ಇದೇ. 1942ರಲ್ಲಿ ಮುಂಬಯಿ ಪ್ರಾಂತವು ಭೂಸುಧಾರಣಾ ಯೋಜನೆಗಳ ಕಾಯಿದೆಯನ್ನು ಮಾಡಿತು. ಆ ಹೊತ್ತಿಗೇ ಬಿಜಾಪುರದ ಕಡೆಯಲ್ಲಿ ಬರಗಾಲವು ಬಂದು, ಒಡ್ಡುಗಳನ್ನು ಹಾಕುವ ಕೆಲಸವೇ ಹಸಿದವರಿಗೆ ಕೂಲಿಯಾಯಿತು. ನಮ್ಮ ರಾಜ್ಯವು 1961ರಲ್ಲಿ ಅಂಥದೇ ಒಂದು ಭೂಸುಧಾರಣಾ ಕಾಯಿದೆಯನ್ನು ಜಾರಿಗೆ ತಂದಿತು. ಮುಂದೆ 1990ರ ದಶಕದಲ್ಲಿ ಒಂದೊಂದು ಹೊಲವನ್ನು ಬಿಟ್ಟು ಇಡೀ ಜಲಾನಯನವನ್ನು, ಎಂದರೆ ಒಂದೇ ಹಳ್ಳಕ್ಕೆ ನೀರು ಹರಿಸುವ ನೆಲವನ್ನೆಲ್ಲ, ಒಟ್ಟಾಗಿ ನೋಡುವ ಪದ್ಧತಿಯು ಬಲವಾಯಿತು. 2008ರ ಕೇಂದ್ರ ಮಾರ್ಗಸೂಚಿಯು ಖಾಸಗಿ ಹೊಲದ ಮಣ್ಣು ನೀರಿನ ಕೆಲಸಕ್ಕೆ ರೈತನ ವಂತಿಗೆಯನ್ನು ಖರ್ಚಿನಲ್ಲಿ ಕನಿಷ್ಠ ನೂರಕ್ಕೆ 10 ಎಂದೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಸಣ್ಣ ಮತ್ತು ಅತಿ ಸಣ್ಣ ರೈತರಿಗೂ ನೂರಕ್ಕೆ 5 ಎಂದೂ ಗೊತ್ತುಮಾಡಿತು. 2014-15ರಲ್ಲಿ ಆರಂಭವಾದ ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ನೂರಕ್ಕೆ 80, ಪರಿಶಿಷ್ಟರಿಗೆ 90 ಸರ್ಕಾರದ ಪಾಲಾಯಿತು. ಹೊರದೇಶಗಳಲ್ಲಿಯೂ ಈ ಹಂಚಿಕೆ ಹೊಸದಲ್ಲ. ಅಮೆರಿಕದಲ್ಲಿ 1930ರ ದಶಕದ ಧೂಳಿನ ಬಿರುಗಾಳಿಗಳು ಬಯಲುಸೀಮೆಯ ಹೊಲಗಳನ್ನೇ ಆಕಾಶಕ್ಕೆ ಎಬ್ಬಿಸಿದ ಮೇಲೆ, 1935ರಲ್ಲಿ ಮಣ್ಣು ಸಂರಕ್ಷಣೆಗೆಂದೇ ಒಂದು ಇಲಾಖೆ ಹುಟ್ಟಿತು. ಮರುವರ್ಷ ಮಣ್ಣನ್ನು ಉಳಿಸುವ ಬೇಸಾಯಕ್ಕೆ ಹಣ ಕೊಡುವ ಕಾನೂನು ಬಂದಿತು.

ಇಷ್ಟೆಲ್ಲ ಪಾಲುಗಾರಿಕೆ ನಡೆದರೂ, ಹಾಕಿದ ಬದುಗಳು ಹಲವೆಡೆ ಕೆಲವು ಮಳೆಗಾಲಗಳಲ್ಲಿಯೇ ಹೊಲದೊಳಗೆ ಕರಗಿಹೋಗುವುದೇಕೆ? ಕಾರಣಗಳು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಬರೆದ ಯೋಜನೆಯಲ್ಲಿ ಮಾತ್ರ ಸಿಕ್ಕುವುದಿಲ್ಲ. ಒಂದನೆಯದು ರೇಖೆಯ ಜಗಳ. ನೀರು ಇಳಿಜಾರಿನ ಮಾತನ್ನು ಕೇಳುವುದು. ಆದುದರಿಂದ ಇಂಜಿನಿಯರನು ಸಮಪಾತಳಿಯ ರೇಖೆಯಲ್ಲಿ ಬದುವನ್ನು ಎಳೆಯುವನು. ಆ ರೇಖೆಯು ಚಿಕ್ಕ ಹೊಲದ ನಡುವೆ ಅಡ್ಡಾದಿಡ್ಡಿಯಾಗಿ ಹೋಗಿ, ಎತ್ತು ತಿರುಗುವುದಕ್ಕೆ ಎಡೆಯಿಲ್ಲದಂತೆ ಮೂಲೆಗಳನ್ನು ಮಾಡುವುದು. ಕರ್ನಾಟಕದಲ್ಲಿ ಸರಾಸರಿ ಹಿಡುವಳಿಯು 2015-16ರ ಕೃಷಿ ಗಣತಿಯಲ್ಲಿ 1.36 ಹೆಕ್ಟೇರು, ಎಂದರೆ ಮೂರು ಎಕರೆಗೆ ಸ್ವಲ್ಪ ಹೆಚ್ಚು. ಇಷ್ಟರಲ್ಲಿ ನೆಲವನ್ನು ನುಂಗುವ ದಿಂಡನ್ನು ರೈತನು ಎಷ್ಟು ದಿನ ಸಹಿಸುವನು? ಎಲ್ಲೆಯ ಮೇಲೆ ಹಾಕಿದ ಬದುವನ್ನಾದರೆ ಅವನೇ ಕಾಯುವನು. ಎರಡನೆಯದು, ವಂತಿಗೆಯು ಕಾಗದದ ವಂತಿಗೆಯಾಗುವುದು. ಒಡೆಯನು ಕೊಡಬೇಕಾದ ಹತ್ತನ್ನು ಮಣ್ಣು ಹೊತ್ತ ಕೂಲಿಯವರ ಕೂಲಿಯಲ್ಲಿ ಮುರಿದುಕೊಂಡದ್ದುಂಟೆಂಬ ದೂರು ದೇಶದ ಹಲವು ಕಡೆಗಳಿಂದ ಬಂದಿದೆ. ಹಾಗಾದಲ್ಲಿ ಬದುವಿನ ಖರ್ಚಿನಲ್ಲಿ ಪಾಲುಗೊಂಡವನು ಹೊಲವೇ ಇಲ್ಲದವನು! ಮೂರನೆಯದು, ಹೊಲವನ್ನು ಉಳುವವನು ಒಡೆಯನೇ ಆಗಿರಬೇಕೆಂದಿಲ್ಲ. ಶುಂಠಿಗೋ ತರಕಾರಿಗೋ ಒಂದೆರಡು ವರ್ಷಕ್ಕೆ ಗುತ್ತಿಗೆ ಹಿಡಿದವನಿಗೆ ಹತ್ತು ವರ್ಷದ ಮೇಲಣ ಮಣ್ಣಿನಲ್ಲಿ ಯಾವ ಆಸೆ? ನಾಲ್ಕನೆಯದು, ಸಹಾಯಧನವು ಅದಿಲ್ಲದೆಯೇ ಬದು ಹಾಕಿಕೊಳ್ಳಬಲ್ಲ ಶಕ್ತನಿಗೆ ಮೊದಲು ಸಿಕ್ಕುವುದು. ಅರ್ಜಿಯನ್ನು ಬರೆಯುವುದೂ, ಅದರ ಹಿಂದೆ ಓಡಾಡುವುದೂ ಅವನಿಗೆ ಸುಲಭ. ಅವನಿಗೆ ಕೊಟ್ಟ ಹಣದಿಂದ ಒಂದು ಹಿಡಿ ಮಣ್ಣೂ ಹೆಚ್ಚಾಗಿ ಉಳಿಯಲಿಲ್ಲ.

ಇಲ್ಲಿ ಗುಂಡ್ಲುಪೇಟೆಯೇ ನಮಗೊಂದು ಪಾಠವನ್ನು ಇಟ್ಟುಕೊಂಡಿದೆ. 1980ರ ದಶಕದ ಕೊನೆಯಲ್ಲಿ ವಿಶ್ವ ಬ್ಯಾಂಕು ಲಾವಂಚದ ಹುಲ್ಲನ್ನು ಕುರಿತು ಒಂದು ಚಿಕ್ಕ ಕೈಪಿಡಿಯನ್ನು ಪ್ರಕಟಿಸಿ ಅನೇಕ ದೇಶಗಳಿಗೆ ಹಂಚಿತು. ಮಣ್ಣಿನ ಕೊಚ್ಚಣೆಗೆ ಅಗ್ಗವಾದ ಬೇಲಿಯನ್ನು ಹುಡುಕುತ್ತಿದ್ದ ಆ ಪಂಡಿತರು, ಲಾವಂಚವು ನಿಜವಾಗಿ ಬಾಳುವುದೇ ಎಂಬುದಕ್ಕೆ ಸಾಕ್ಷಿಯಾಗಿ ಎತ್ತಿ ತೋರಿಸಿದ ಊರುಗಳಲ್ಲಿ ನಮ್ಮ ಗುಂಡ್ಲುಪೇಟೆಯೂ ಒಂದು. ಅಲ್ಲಿಯ ರೈತರು ನೂರು ವರ್ಷಗಳಿಂದ ಹೊಲದ ಎಲ್ಲೆಗೆ ಲಾವಂಚವನ್ನು ನೆಟ್ಟು ಉಳಿಸಿಕೊಂಡಿದ್ದರೆಂದೂ, ಅದು ಹರಡದಂತೆ ಪ್ರತಿ ಉಳುಮೆಯಲ್ಲಿಯೂ ಅಂಚನ್ನು ನೇಗಿಲಿನಿಂದ ಸವರಿ ಕಿರಿದಾಗಿ ಇಡುತ್ತಿದ್ದರೆಂದೂ ಆ ಪುಸ್ತಕವು ಹೇಳಿತು. ಸುಗಂಧದ ಬೇರೆಂದು ನಾವು ನೀರಿನ ಹೂಜಿಗೆ ಹಾಕುವ ಲಾವಂಚವು ಹೊಲದಲ್ಲಿ ಮಾಡುವ ಕೆಲಸವೇ ಬೇರೆ. ಅದರ ಬೇರು ಪಕ್ಕಕ್ಕೆ ಹೋಗಿ ಬೆಳೆಯ ಬಾಯಿಂದ ಕಸಿಯದೆ, ನೇರವಾಗಿ ಕೆಳಕ್ಕೆ ಎರಡು ಮೂರು ಮೀಟರು ಇಳಿಯುವುದು. ಒತ್ತಾಗಿ ಬೆಳೆದ ತೆಂಡೆಯು ನೀರನ್ನು ಜರಡಿಯಂತೆ ಸೋಸಿ, ಮಣ್ಣನ್ನು ಮೇಲ್ಗಡೆ ನಿಲ್ಲಿಸಿ, ನೀರನ್ನು ಮಾತ್ರ ಮೆಲ್ಲಗೆ ಬಿಡುವುದು. ವರ್ಷ ವರ್ಷವೂ ನಿಂತ ಮಣ್ಣೇ ಬದುವಾಗುವುದು.

ಈ ಲಾವಂಚಕ್ಕೆ ಯಾವ ಸರ್ಕಾರವೂ ಪಾಲು ಕೊಟ್ಟಿರಲಿಲ್ಲ. ಆದರೂ ಅದು ನೂರು ವರ್ಷ ನಿಂತಿತು. ಕಾರಣವನ್ನು ಯೋಚಿಸಿ ನೋಡಿದರೆ, ಅದು ರೈತನ ಎಲ್ಲೆಯನ್ನು ಕಾಯಿತು, ನೆರೆಯವನೊಡನೆ ಜಗಳವನ್ನು ತಪ್ಪಿಸಿತು. ಎಳೆಯ ಗರಿ ದನಕ್ಕೆ ಮೇವು, ಬಲಿತ ಗರಿ ಸೂರಿನ ಹೊದಿಕೆ. ಒಂದು ತೆಂಡೆಯನ್ನು ಬಿಡಿಸಿದರೆ ಹತ್ತು ಸಸಿ. ಕೊಂಡು ತರಬೇಕಾದುದೇ ಇಲ್ಲ. ದುರಸ್ತಿಯ ಖರ್ಚೆಂದರೆ ಹೇಗೂ ಉಳುವ ದಿನ ನೇಗಿಲನ್ನು ಒಂದು ಗೇಣು ಓರೆಮಾಡುವುದು. ಮಣ್ಣನ್ನು ಉಳಿಸಬೇಕೆಂಬ ಉಪದೇಶ ಅಲ್ಲಿ ಬೇಕಾಗಲಿಲ್ಲ. ರೈತನು ತನ್ನ ಕೆಲಸವನ್ನು ತಾನು ನೋಡಿಕೊಂಡನು, ಮಣ್ಣು ಅದರ ಜೊತೆಗೆ ಉಳಿಯಿತು.

ಹಾಗೆಂದು, ರೈತನಿಗೆ ಎಲ್ಲವನ್ನೂ ಬಿಟ್ಟರೆ ಸಾಕು, ಸರ್ಕಾರದ ಪಾಲೇ ಬೇಡ ಎಂದು ನಾವು ಹೇಳುತ್ತಿಲ್ಲ. ಅದೇ ತಾಲ್ಲೂಕಿನಲ್ಲಿ ಇದಕ್ಕೆ ಎದುರಾದ ಪಾಠವೂ ಇದೆ. ಬಂಡೀಪುರವು 1931ರಲ್ಲಿ ಮೈಸೂರಿನ ಮಹಾರಾಜರಿಂದ ರಕ್ಷಿತವಾದ ಕಾಡು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರ ಅಂಚಿನ ಹಳ್ಳಿಗಳಲ್ಲಿ ದನಗಳನ್ನು ಕಾಡಿನಲ್ಲಿ ಮೇಯಿಸಿ, ಸಗಣಿಯನ್ನು ತಿಪ್ಪೆಯಲ್ಲಿ ಕೂಡಿಟ್ಟು, ಸ್ವಂತ ಹೊಲಕ್ಕೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ. 1990ರ ದಶಕದಲ್ಲಿ ಕಾಫಿಯ ಬೆಲೆಯು ಏರಿದಾಗ, ಕಾಫಿ ಬೆಳೆಯುವ ಸೀಮೆಗಳಲ್ಲಿ ಈ ಗೊಬ್ಬರಕ್ಕೆ ಒಳ್ಳೆಯ ಬೆಲೆ ಹುಟ್ಟಿತು. ತಿಪ್ಪೆಯು ಹೊಲಕ್ಕೆ ಹೋಗುವ ಬದಲು ಲಾರಿಯನ್ನು ಏರಿತು. ಸಗಣಿಗಾಗಿಯೇ ದನಗಳನ್ನು ಇಡುವಂತಾಗಿ, ಕಾಡಿನ ಮೇಲಿನ ಮೇವಿನ ಭಾರವೂ ಹೆಚ್ಚಿತು. ಎಂ. ಡಿ. ಮಧುಸೂದನ್ ಎಂಬ ವಿಜ್ಞಾನಿಗಳು ಈ ಸಂಗತಿಯನ್ನು ಪರಿಶೀಲಿಸಿ 2005ರಲ್ಲಿ ಬರೆದರು. ಸಮುದ್ರದಾಚೆಯ ಪೇಟೆಯಲ್ಲಿ ಕಾಫಿಗೆ ಬೆಲೆ ಬಂದರೆ ಬಂಡೀಪುರದ ಹುಲ್ಲು ತೆಳುವಾಗುವುದು, ಗುಂಡ್ಲುಪೇಟೆಯ ಹೊಲಕ್ಕೆ ಗೊಬ್ಬರ ತಪ್ಪುವುದು! ಸಗಣಿಯನ್ನು ಮಾರಿದ ರೈತನನ್ನು ನಾವು ತಪ್ಪುಗಾರನೆನ್ನಲಾರೆವು. ಇಂದಿನ ನೋಟು ನಾಳಿನ ಫಸಲಿಗಿಂತ ನಿಶ್ಚಿತವಾದುದು. ಅದರಲ್ಲಿಯೂ ನಾಳಿನ ಫಸಲನ್ನು ರಾತ್ರಿ ಆನೆಯೋ ಹಂದಿಯೋ ತಿಂದುಹೋಗಬಹುದಾದ ಊರಿನಲ್ಲಿ. ಮಣ್ಣಿಗೆ ಒಳ್ಳೆಯದಾದುದು ರೈತನ ಲೆಕ್ಕದಲ್ಲಿಯೂ ಗೆಲ್ಲುವಂತಿದ್ದಾಗ ಲಾವಂಚದಂತೆ ಉಳಿಯುವುದು. ಸೋಲುವಂತಿದ್ದಾಗ ಸಗಣಿಯಂತೆ ಹೊರಟುಹೋಗುವುದು. ಸರ್ಕಾರದ ಪಾಲು ಬೇಕಾದುದು ಈ ಎರಡನೆಯ ಕಡೆಯಲ್ಲಿ.

ಹಾಗಾದರೆ ಪಾಲನ್ನು ಹೇಗೆ ಕೊಡತಕ್ಕದ್ದು? ನಮಗೆ ತೋರಿದ ನಾಲ್ಕು ಮಾತುಗಳನ್ನು ಕೇಳುಗರ ವಿಚಾರಕ್ಕೆ ಇಡುತ್ತೇವೆ.

ಮೊದಲನೆಯದು, ಹಣವನ್ನು ಕಟ್ಟಿದ್ದಕ್ಕೆ ಕೊಡುವುದಕ್ಕಿಂತ ಹೆಚ್ಚಾಗಿ ಉಳಿಸಿದ್ದಕ್ಕೆ ಕೊಡಬೇಕು. ಇದಕ್ಕೆ ನಮ್ಮ ಅರಣ್ಯ ಇಲಾಖೆಯಲ್ಲಿಯೇ ಮಾದರಿಯುಂಟು. 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನು ಸಸಿಯನ್ನು ಕಡಮೆ ಬೆಲೆಗೆ ಕೊಂಡು ನೆಡುವನು. ಬದುಕಿದ ಸಸಿಗೆ ಮಾತ್ರ ಮೂರು ವರ್ಷ ಪ್ರೋತ್ಸಾಹಧನ. ಮೊದಲು ಇದು ಸಸಿಗೆ ಒಟ್ಟು 45 ರೂಪಾಯಿಯಿತ್ತು. ಮುಂದೆ 100 ಆಗಿ, ಅನಂತರ ಒಂದನೆಯ ವರ್ಷಕ್ಕೆ 35, ಎರಡನೆಯದಕ್ಕೆ 40, ಮೂರನೆಯದಕ್ಕೆ 50, ಹೀಗೆ 125ಕ್ಕೆ ಏರಿತು. ಕೊನೆಯ ಕಂತು ಅತಿ ದೊಡ್ಡದೆಂಬುದನ್ನು ಗಮನಿಸಬೇಕು. ಸತ್ತ ಸಸಿಗೆ ಬಿಲ್ಲಿಲ್ಲ. ಬದುವಿಗೂ ಇದೇ ನೀತಿಯನ್ನು ಅನ್ವಯಿಸಬಹುದು. ಆದರೆ ಬಡವನು ಕೈಯಿಂದ ಹಣ ಹಾಕಿ ಮೂರು ವರ್ಷ ಕಾಯಲಾರನು. ಆದುದರಿಂದ ಅರ್ಧವನ್ನು ಕೆಲಸದ ಹೊತ್ತಿಗೆ, ಉಳಿದುದನ್ನು ಮೂರು ಮಳೆಗಾಲಗಳಲ್ಲಿ ಬದು ನಿಂತಂತೆ ನಿಂತಂತೆ ಕೊಡುವುದು ಹಿತ.

ಎರಡನೆಯದು, ಎಲ್ಲರಿಗೂ ಒಂದೇ ಪ್ರಮಾಣವೆಂಬುದನ್ನು ಬಿಡಬೇಕು. 2012ರಿಂದ 2019ರವರೆಗೆ ನಡೆದ ಸುಜಲ ಯೋಜನೆಯ ಮೂರನೆಯ ಹಂತದಲ್ಲಿ ಚಾಮರಾಜನಗರ ಜಿಲ್ಲೆಯೂ ಸೇರಿತ್ತು. ಅದರಲ್ಲಿ ಕಿರು ಜಲಾನಯನಗಳ ಮಣ್ಣಿನ ಆಳ, ಇಳಿಜಾರು, ಕೊಚ್ಚಣೆಗಳನ್ನು ಅಳೆದು ನಕ್ಷೆಗಳನ್ನು ಮಾಡಿದರು. ಆ ನಕ್ಷೆಗಳು ಕಪಾಟಿನ ಅಲಂಕಾರವಾಗಬಾರದು. ಹೆಚ್ಚು ಇಳಿಜಾರಾಗಿ ಕೆರೆಯ ಮೇಲ್ಗಡೆಗಿರುವ ಹೊಲದಿಂದ ಊರಿಗೆ ಆಗುವ ಕೇಡು ಹೆಚ್ಚು; ಅಲ್ಲಿ ಸರ್ಕಾರದ ಪಾಲೂ ಹೆಚ್ಚಾಗಲಿ. ಮಟ್ಟವಾದ ಹೊಲದ ಲಾಭವು ಬಹುಮಟ್ಟಿಗೆ ಒಡೆಯನದೇ. ಅಲ್ಲಿ ಸಾಲವು ಸಾಕು.

ಮೂರನೆಯದು, ಯಾವ ಬಗೆಯ ಬದುವೆಂಬುದನ್ನು ರೈತನು ಆರಿಸಿಕೊಳ್ಳಲಿ. ಎಲ್ಲೆಯ ಬದು, ಲಾವಂಚದ ಸಾಲು, ಕಲ್ಲಿನ ಕಟ್ಟು, ಯಾವುದಾದರೂ ಆಗಲಿ. ಸರ್ಕಾರವು ಕೇಳಬೇಕಾದ ಪ್ರಶ್ನೆ ಒಂದೇ: ಮಣ್ಣು ನಿಂತಿತೇ? ಕಾಗದದ ಮೇಲೆ ನೂರಕ್ಕೆ ನೂರು ಸರಿಯಾಗಿದ್ದು ಎರಡು ವರ್ಷದಲ್ಲಿ ಒಡೆಯುವ ಬದುವಿಗಿಂತ, ನೂರಕ್ಕೆ ಎಪ್ಪತ್ತರಷ್ಟು ಸರಿಯಾಗಿದ್ದು ಇಪ್ಪತ್ತು ವರ್ಷ ನಿಲ್ಲುವ ಬದುವು ಮೇಲು. ಹೊಲವನ್ನು ಗುತ್ತಿಗೆಗೆ ಕೊಟ್ಟರೆ ಬದುವಿನ ಹೊಣೆ ಯಾರದೆಂಬುದನ್ನು ಗುತ್ತಿಗೆಯ ಕರಾರಿನಲ್ಲಿಯೇ ಬರೆದುಕೊಳ್ಳತಕ್ಕದ್ದು.

ನಾಲ್ಕನೆಯದು, ಬದು ನಿಂತಿದೆಯೆಂದು ಹೇಳುವವರು ಯಾರು? ಅಧಿಕಾರಿಯೊಬ್ಬನು ಪ್ರತಿ ಬದುವನ್ನೂ ಪ್ರತಿ ವರ್ಷವೂ ನೋಡಿ ಬರುವುದೆಂದರೆ ಉಳಿಸಿದ ಮಣ್ಣಿಗಿಂತ ತನಿಖೆಯ ಖರ್ಚೇ ಹೆಚ್ಚಾದೀತೆಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಆದರೆ ಮೇಲಿನ ಹೊಲದ ಬದು ಒಡೆದರೆ ಆ ರಾತ್ರಿಯೇ ತಿಳಿಯುವವನು ಒಬ್ಬನಿದ್ದಾನೆ. ಅವನು ಕೆಳಗಿನ ಹೊಲದವನು. ಅವನ ಒಪ್ಪಿಗೆಯಿಲ್ಲದೆ ಮೇಲಿನವನಿಗೆ ಮುಂದಿನ ಕಂತು ಸಿಕ್ಕದಂತೆ ಗ್ರಾಮ ಪಂಚಾಯಿತಿಯಲ್ಲಿ ಏರ್ಪಾಡು ಮಾಡಿದರೆ, ಸಂಬಳವಿಲ್ಲದ ತನಿಖೆದಾರನು ದೊರೆತಂತಾಯಿತು. ಹಗೆ ಸಾಧಿಸುವವರೂ, ಒಳಗೊಳಗೇ ಕೂಡಿಕೊಳ್ಳುವವರೂ ಹಳ್ಳಿಯಲ್ಲಿ ಇರಬಹುದು. ಅದಕ್ಕಾಗಿ ಹತ್ತರಲ್ಲಿ ಒಂದು ಬದುವನ್ನು ಅಧಿಕಾರಿಯು ಮುನ್ಸೂಚನೆಯಿಲ್ಲದೆ ನೋಡಿದರೆ ಸಾಕು.

ಇವೆಲ್ಲ ಸಣ್ಣ ಮಾತುಗಳು. ಹೊಸ ಅಣೆಕಟ್ಟಿನ ಶಂಕುಸ್ಥಾಪನೆಗೆ ಕೂಡುವಷ್ಟು ಜನ ಒಂದು ಮೊಳಕಾಲುದ್ದದ ಬದುವಿನ ದುರಸ್ತಿಗೆ ಎಂದಿಗೂ ಕೂಡಲಾರರು. ಆದರೆ ಅಣೆಕಟ್ಟಿನ ಆಯುಸ್ಸನ್ನು ತಿನ್ನುವುದು ಹೂಳು. ಹೂಳು ಹುಟ್ಟುವುದು ಬದುವಿಲ್ಲದ ಹೊಲದಲ್ಲಿ. ಒಡೆಯನು ತನ್ನ ಪಾಲಿನದನ್ನು ಕೊಡಲಿ, ಊರೂ ನಾಡೂ ತಮ್ಮ ಪಾಲಿನದನ್ನು ಕೊಡಲಿ. ಯಾರ ಪಾಲನ್ನು ಯಾರೂ ದಾನವೆಂದು ಕರೆಯದಿರಲಿ.

ಮುಂದಿನ ಸಲ ನಮ್ಮ ಕೇಳುಗರು ಆ ದಾರಿಯಲ್ಲಿ ಹೋಗುವಾಗ ಮಳೆ ಬಂದರೆ, ಕಾಡು ಬರುವುದಕ್ಕೆ ಸ್ವಲ್ಪ ಮುಂಚೆಯೇ ಎಚ್ಚರಗೊಂಡು ಮೋರಿಯೊಂದರ ಬಳಿ ಗಾಡಿಯನ್ನು ನಿಲ್ಲಿಸಲಿ. ಹೊಲದಿಂದ ಇಳಿದು ಬರುವ ನೀರಿನ ಬಣ್ಣವನ್ನು ನೋಡಲಿ. ನೀರು ತಿಳಿಯಾಗಿದ್ದರೆ ಮೇಲೆ ಯಾರೋ ಒಬ್ಬ ರೈತನು ನಮ್ಮೆಲ್ಲರ ಕೆಲಸವನ್ನು ಮಾಡಿದ್ದಾನೆ. ಕೆಂಪಾಗಿದ್ದರೆ, ಅವನೊಬ್ಬನ ಹೊಲವಷ್ಟೇ ಹರಿದುಹೋಗುತ್ತಿಲ್ಲವೆಂಬುದನ್ನು ನೆನೆಯಲಿ.